ರಕ್ಷಣಾ ಕಂಪನಿಗಳ ಲಾಬಿಗೆ ನಮ್ಮಲ್ಲಿ ದಾಖಲೆ ಪುಸ್ತಕ ಏಕಿಲ್ಲ?

ಪ್ರಶ್ನೆ: ಪೀಣ್ಯದ ಪರಿಶೀಲಕ

ಮಾನ್ಯರೆ,

ನಾನು ಹದಿನಾರು ವರ್ಷಗಳಿಂದ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಯಂತ್ರಭಾಗಗಳ ಗುಣಮಟ್ಟ ಪರಿಶೀಲಿಸುವ ಕೆಲಸ ಮಾಡುತ್ತಿದ್ದೇನೆ. ನಾವು ಮಾಡುವ ಭಾಗಗಳಲ್ಲಿ ಕೆಲವು ಎರಡು ಮೂರು ಕೈ ದಾಟಿ ವಿಮಾನಗಳಿಗೆ ಸೇರುತ್ತವೆ. ಆ ಸಲುವಾಗಿ ತಿಂಗಳಿಗೊಮ್ಮೆಯಾದರೂ ದೊಡ್ಡ ರಕ್ಷಣಾ ಕಾರ್ಖಾನೆಯೊಂದಕ್ಕೆ ಹೋಗಬೇಕಾಗುತ್ತದೆ. ಅಲ್ಲಿಯ ಗೇಟಿನಲ್ಲಿ ನಡೆಯುವುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ. ಹೆಸರು, ಕಂಪನಿ, ಯಾರನ್ನು ಕಾಣಬೇಕು, ಯಾವ ಕೆಲಸಕ್ಕೆ, ಒಳಹೋದ ಸಮಯ, ಇಷ್ಟನ್ನೂ ಉದ್ದನೆಯ ರಿಜಿಸ್ಟರಿನಲ್ಲಿ ನಮ್ಮ ಕೈಯಿಂದಲೇ ಬರೆಸುತ್ತಾರೆ. ಮೊಬೈಲು ಒಪ್ಪಿಸಿ ಟೋಕನ್ ಪಡೆಯಬೇಕು. ಚೀಲದಲ್ಲಿ ಮೈಕ್ರೋಮೀಟರ್ ಇದ್ದರೆ ಅದರ ಸಂಖ್ಯೆಯನ್ನೂ ಬರೆಯಬೇಕು. ಹೊರಬರುವಾಗ ನಾವು ಭೇಟಿಯಾದ ಅಧಿಕಾರಿಯ ಸಹಿ ಗೇಟ್ ಪಾಸಿನ ಮೇಲೆ ಇಲ್ಲದಿದ್ದರೆ ಕಾವಲಿನವರು ಬಿಡುವುದಿಲ್ಲ. ಈ ಕಟ್ಟುನಿಟ್ಟಿನ ಬಗ್ಗೆ ನನಗೆ ಯಾವ ಅಸಮಾಧಾನವೂ ಇಲ್ಲ. ಅದು ಇರಬೇಕಾದದ್ದೇ.

2017ರ ಫೆಬ್ರುವರಿಯಲ್ಲಿ ಮಗಳನ್ನು ಕರೆದುಕೊಂಡು ಯಲಹಂಕ ವಾಯುನೆಲೆಯ ಏರೋ ಇಂಡಿಯಾ ಪ್ರದರ್ಶನಕ್ಕೆ ಹೋಗಿದ್ದೆ. ಬೆನ್ನ ಮೇಲೆ ಉದ್ದನೆಯ ಹಲಗೆಯಂತಹ ರೇಡಾರ್ ಹೊತ್ತ ‘ನೇತ್ರ’ ವಿಮಾನವನ್ನು ವಾಯುಪಡೆಗೆ ಒಪ್ಪಿಸಿದ್ದು ಆ ಪ್ರದರ್ಶನದಲ್ಲಿಯೇ. ವಿಮಾನದ ಒಡಲು ಬ್ರೆಜಿಲ್‌ನ ಎಂಬ್ರೇಯರ್ ಕಂಪನಿಯದಾದರೂ ಅದರ ಕಣ್ಣನ್ನು ರೂಪಿಸಿದವರು ನಮ್ಮ ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯಗಳ ವಿಜ್ಞಾನಿಗಳು ಎಂದು ಮಗಳಿಗೆ ಹೆಮ್ಮೆಯಿಂದ ಹೇಳಿದ್ದೆ. ಅದಕ್ಕೂ ನಾಲ್ಕು ತಿಂಗಳ ಹಿಂದೆ, 2016ರ ಅಕ್ಟೋಬರಿನಲ್ಲಿ, ಅದೇ ಕಂಪನಿ ಹಲವು ದೇಶಗಳಲ್ಲಿನ ತನ್ನ ವ್ಯವಹಾರಗಳ ಕುರಿತ ಆರೋಪಗಳನ್ನು ಇತ್ಯರ್ಥಗೊಳಿಸಲು ಅಮೆರಿಕ ಮತ್ತು ಬ್ರೆಜಿಲ್‌ಗಳಿಗೆ 20.5 ಕೋಟಿ ಡಾಲರಿಗೂ ಹೆಚ್ಚು ಹಣ ತೆರಲು ಒಪ್ಪಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ನಮ್ಮ ಆ ಮೂರು ವಿಮಾನಗಳ ಮಾರಾಟಕ್ಕೆ ಸಂಬಂಧಿಸಿ ಏಜೆಂಟರೊಬ್ಬರಿಗೆ ಸುಳ್ಳು ಒಪ್ಪಂದದ ಮೂಲಕ 57.6 ಲಕ್ಷ ಡಾಲರ್ ಪಾವತಿಯಾಗಿತ್ತು ಎಂಬ ಅಂಶವೂ ಆ ದಾಖಲೆಗಳಲ್ಲಿದೆ. ವಿಮಾನ ಚೆನ್ನಾಗಿದೆ, ನಮ್ಮವರ ದುಡಿಮೆ ಪ್ರಾಮಾಣಿಕವಾದದ್ದು. ಆದರೆ ನಮ್ಮ ಊರಿನಲ್ಲಿಯೇ ಸಿದ್ಧವಾದ ವಿಮಾನದ ಹಿಂದಿನ ಈ ಸಂಗತಿಯನ್ನು ನಾವು ವಾಷಿಂಗ್ಟನ್ನಿನ ಕಾಗದಪತ್ರಗಳಿಂದ ಕಲಿಯಬೇಕಾಯಿತಲ್ಲ ಎಂಬ ನೋವು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಆದ್ದರಿಂದ ಬಲ್ಲವರಲ್ಲಿ ಕೇಳುತ್ತಿದ್ದೇನೆ. ಮೈಕ್ರೋಮೀಟರ್ ಹಿಡಿದು ಬರುವ ನನ್ನಂಥವನ ಪ್ರತಿ ನಿಮಿಷಕ್ಕೂ ಲೆಕ್ಕವಿರುವಾಗ, ಸಾವಿರಾರು ಕೋಟಿಯ ಖರೀದಿಯ ಬಗ್ಗೆ ಸಚಿವರು, ಅಧಿಕಾರಿಗಳು, ಸಂಸದರೊಡನೆ ಮಾತಾಡಲು ಬರುವ ಕಂಪನಿಗಳ ಪ್ರತಿನಿಧಿಗಳ ಭೇಟಿಗೆ ಸಾರ್ವಜನಿಕರು ನೋಡಬಹುದಾದ ದಾಖಲೆ ಯಾವ ಯಾವ ದೇಶದಲ್ಲಿದೆ? ಇದ್ದ ಕಡೆ ಅದರಿಂದ ನಿಜವಾಗಿ ಪ್ರಯೋಜನವಾಗಿದೆಯೇ? ನಮ್ಮಲ್ಲಿ ಏಕಿಲ್ಲ? ಸೇನೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ನನ್ನ ಭಾವ, ಇಂಥ ವಿಷಯಗಳನ್ನು ಬಯಲಿನಲ್ಲಿ ಕೇಳುವುದೇ ದೇಶದ ಭದ್ರತೆಗೆ ಒಳ್ಳೆಯದಲ್ಲ ಎನ್ನುತ್ತಾರೆ. ಅವರ ಮೇಲೆ ನನಗೆ ಅಪಾರ ಗೌರವವಿದೆ, ಆದರೆ ಈ ಮಾತನ್ನು ಒಪ್ಪಲು ಮನಸ್ಸಾಗುತ್ತಿಲ್ಲ.

ಉತ್ತರ: ನಿವೃತ್ತ ಲೆಕ್ಕಾಧಿಕಾರಿ, ಜಾಲಹಳ್ಳಿ

ನಿಮ್ಮ ಕೊನೆಯ ಪ್ರಶ್ನೆಗೆ, ಅಂದರೆ ನಮ್ಮಲ್ಲಿ ಏಕಿಲ್ಲ ಎಂಬುದಕ್ಕೆ, ನನಗೆ ತಿಳಿದಷ್ಟು ಹೇಳುತ್ತೇನೆ. ರಕ್ಷಣಾ ಲೆಕ್ಕಪತ್ರಗಳ ನಡುವೆಯೇ ಮೂವತ್ತು ವರ್ಷ ಕಳೆದವನು ನಾನು. ಬೇರೆ ದೇಶಗಳ ವಿಷಯವನ್ನು ಹೆಚ್ಚು ಓದಿಕೊಂಡವರು ತಿಳಿಸಲಿ.

ನಮ್ಮ ಭಾಷೆಯಲ್ಲಿಯೇ ಒಂದು ತೊಡಕಿದೆ ಎಂದು ನನಗೆ ಅನಿಸುತ್ತದೆ. ‘ವಶೀಲಿ’ ಎಂದರೂ ‘ಲಾಬಿ’ ಎಂದರೂ ನಮ್ಮ ಕಿವಿಗೆ ಅದು ಲಂಚದ ತಮ್ಮನಂತೆಯೇ ಕೇಳಿಸುತ್ತದೆ. ಕಂಪನಿಯೊಂದು ತನ್ನ ಫಿರಂಗಿ ಮೇಲು ಎಂದು ಸರ್ಕಾರಕ್ಕೆ ಮನವರಿಕೆ ಮಾಡಿಕೊಡಲು ಯತ್ನಿಸುವುದು ತಾನಾಗಿಯೇ ಅಪರಾಧವಲ್ಲ, ಅದಕ್ಕಾಗಿ ಹಣ ಕೊಡುವುದು ಅಪರಾಧ. ಇವೆರಡರ ನಡುವೆ ವಿಶಾಲವಾದ ಒಂದು ಬಯಲಿದೆ. ಊಟಕ್ಕೆ ಕರೆಯುವುದು, ವಿಚಾರಸಂಕಿರಣಕ್ಕೆ ಹಣ ಕೊಡುವುದು, ನಿವೃತ್ತರಾಗಲಿರುವ ಅಧಿಕಾರಿಗೆ ಮುಂದಿನ ಕೆಲಸದ ಸೂಚನೆ ಕೊಡುವುದು, ತಾಂತ್ರಿಕ ಅಗತ್ಯಗಳ ಪಟ್ಟಿ ತಮ್ಮ ಉತ್ಪನ್ನಕ್ಕೇ ಹೊಂದುವಂತೆ ಸಲಹೆ ನೀಡುವುದು, ಇವೆಲ್ಲ ಆ ಬಯಲಿನಲ್ಲಿ ನಡೆಯುವ ಸಂಗತಿಗಳು. ನಮ್ಮ ಕಾನೂನು ಬಯಲಿನ ಆ ತುದಿಯಲ್ಲಿ, ಲಂಚದ ಗಡಿಯಲ್ಲಿ ಮಾತ್ರ ನಿಂತಿದೆ. ಇತ್ತ ಕಡೆ ನಡೆಯುವುದನ್ನು ಬರೆದಿಡುವವರು ಯಾರೂ ಇಲ್ಲ.

ಇದು ಹೀಗಾದದ್ದಕ್ಕೆ ಇತಿಹಾಸವಿದೆ. 1986ರ ಮಾರ್ಚಿನಲ್ಲಿ ಸ್ವೀಡನ್ನಿನ ಬೊಫೋರ್ಸ್ ಕಂಪನಿಯಿಂದ 410 ಹೊವಿಟ್ಜರ್ ಫಿರಂಗಿಗಳನ್ನು ಕೊಳ್ಳುವ ಒಪ್ಪಂದವಾಯಿತು. ಮರುವರ್ಷ ಏಪ್ರಿಲಿನಲ್ಲಿ ಸ್ವೀಡಿಷ್ ರೇಡಿಯೋ ಅದರ ಹಿಂದಿನ ಕಮಿಷನ್ನಿನ ವಿಷಯವನ್ನು ಬಯಲಿಗೆ ತಂದಿತು. ಗಮನಿಸಿ, ಆಗಲೂ ಸುದ್ದಿ ಬಂದದ್ದು ಹೊರಗಿನಿಂದಲೇ. ಆ ಕಾಲದ ಬಿರುಗಾಳಿಯಲ್ಲಿ ನಮ್ಮ ಸರ್ಕಾರ ಆರಿಸಿಕೊಂಡ ದಾರಿಯೆಂದರೆ ಮಧ್ಯವರ್ತಿಗಳೇ ಇರಕೂಡದು ಎಂದು ಸಾರುವುದು. ಆದರೆ ಇರಕೂಡದು ಎಂದ ಮಾತ್ರಕ್ಕೆ ಅವರು ಇಲ್ಲವಾಗಲಿಲ್ಲ. ಹೆಸರು ಬದಲಾಯಿತು, ‘ಸಲಹೆಗಾರ’ ಎಂದಾಯಿತು. 2017ರಲ್ಲಿ ರೋಲ್ಸ್‌-ರಾಯ್ಸ್ ಕಂಪನಿ ಬ್ರಿಟನ್ನಿನ ತನಿಖಾ ಸಂಸ್ಥೆಯೊಡನೆ ಮಾಡಿಕೊಂಡ 49.7 ಕೋಟಿ ಪೌಂಡಿನ ಒಪ್ಪಂದದಲ್ಲಿ ಭಾರತದ ರಕ್ಷಣಾ ವ್ಯವಹಾರದ ಅಧ್ಯಾಯವೂ ಇದೆ. ಮಧ್ಯವರ್ತಿಗಳ ಮೇಲೆ ನಿರ್ಬಂಧವಿದ್ದ ನಮ್ಮ ದೇಶದಲ್ಲಿ ಅವರನ್ನು ಬಳಸಿಕೊಂಡದ್ದನ್ನು ಮುಚ್ಚಿಡಲು ಲೆಕ್ಕವನ್ನು ತಪ್ಪಾಗಿ ಬರೆದದ್ದೇ ಅಲ್ಲಿಯ ದೂರು. ಲೆಕ್ಕದ ಮನುಷ್ಯನಾಗಿ ನನಗೆ ಅದನ್ನು ಓದಿದಾಗ ಅನಿಸಿದ್ದು ಇಷ್ಟೇ: ಅವರನ್ನು ಇಲ್ಲವೆಂದು ಸಾಧಿಸುವ ಬದಲು ಇದ್ದಾರೆಂದು ಒಪ್ಪಿ ಹೆಸರು ಬರೆಸಿಕೊಂಡಿದ್ದರೆ ಪರಿಶೀಲಿಸಲು ನಮಗೊಂದು ಸಾಲಾದರೂ ಸಿಗುತ್ತಿತ್ತು.

2001ರ ಮಾರ್ಚಿನ ತೆಹಲ್ಕಾ ಪ್ರಕರಣ ನಿಮಗೆ ನೆನಪಿರಬಹುದು. ಇಲ್ಲದ ಕಂಪನಿಯೊಂದರ ಹೆಸರಿನಲ್ಲಿ, ಸೈನಿಕರು ಕತ್ತಲಲ್ಲಿ ನೋಡಲು ಕೈಯಲ್ಲಿ ಹಿಡಿಯುವ ಥರ್ಮಲ್ ಇಮೇಜರ್ ಉಪಕರಣ ಮಾರುವವರಂತೆ ತೆಹಲ್ಕಾ ಸುದ್ದಿತಾಣದ ಪತ್ರಕರ್ತರು ಹೊರಟಾಗ ಒಂದಾದ ಮೇಲೊಂದು ಬಾಗಿಲು ತೆರೆದುಕೊಂಡವು. ಆಡಳಿತ ಪಕ್ಷದ ಅಂದಿನ ಅಧ್ಯಕ್ಷ ಬಂಗಾರು ಲಕ್ಷ್ಮಣ್ ಅವರಿಗೆ ಒಂದು ಲಕ್ಷ ರೂಪಾಯಿ ಪಡೆದ ಕಾರಣಕ್ಕೆ 2012ರಲ್ಲಿ ನಾಲ್ಕು ವರ್ಷ ಶಿಕ್ಷೆಯಾಯಿತು. ಪ್ರಕರಣ ನಡೆದ 2001ರ ಕೊನೆಗೇ ಏಜೆಂಟರು ನೋಂದಾಯಿಸಿಕೊಂಡು ಕೆಲಸ ಮಾಡಬಹುದು ಎಂಬ ಮಾರ್ಗಸೂಚಿ ಬಂದಿತ್ತು. ಈಚಿನ ಖರೀದಿ ಕಾರ್ಯವಿಧಾನಗಳ ಪ್ರಕಾರ ಮಾರಾಟಗಾರನು ಯಾರನ್ನಾದರೂ ನೇಮಿಸಿಕೊಂಡಿದ್ದರೆ ಅದನ್ನು ಸಚಿವಾಲಯಕ್ಕೆ ತಿಳಿಸಬೇಕು, ವ್ಯವಹಾರ ಗೆದ್ದರೆ ಇಷ್ಟು ಎಂಬ ಶುಲ್ಕವನ್ನು ಕೊಡುವಂತಿಲ್ಲ. ಇದು ಒಳ್ಳೆಯ ಹೆಜ್ಜೆ. ಆದರೆ ಆ ಮಾಹಿತಿ ಸೇರುವುದು ಸಚಿವಾಲಯದ ಕಡತಕ್ಕೆ. ನೀವೂ ನಾನೂ ತೆರೆದು ನೋಡುವ ಪುಸ್ತಕಕ್ಕಲ್ಲ.

ಸಂಸತ್ತಿನಲ್ಲಿ ಪ್ರಯತ್ನವೇ ಆಗಲಿಲ್ಲವೆಂದು ಹೇಳಲಾಗದು. ಲಾಬಿ ಚಟುವಟಿಕೆಗಳನ್ನು ಬಹಿರಂಗಪಡಿಸಬೇಕೆಂಬ ಖಾಸಗಿ ಮಸೂದೆಯೊಂದನ್ನು 2013ರಲ್ಲಿ ಒಡಿಶಾದ ಸಂಸದ ಕಾಲಿಕೇಶ್ ಸಿಂಗ್ ದೇವ್ ಲೋಕಸಭೆಯಲ್ಲಿ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ.

ಉತ್ತರ: ಬಸವನಗುಡಿಯ ವಕೀಲೆ

ಲೆಕ್ಕಾಧಿಕಾರಿಗಳು ಹೇಳಿದ ‘ಬಯಲಿನ’ ಮಾತು ಬಹಳ ಸರಿಯಾಗಿದೆ. ಆ ಬಯಲಿಗೆ ಬೇಲಿ ಹಾಕಲು ಬೇರೆ ದೇಶಗಳು ಏನು ಮಾಡಿವೆ ಎಂಬುದನ್ನು ನಾನು ಓದಿದಷ್ಟು ಬರೆಯುತ್ತೇನೆ. ಎಲ್ಲ ದೇಶಗಳನ್ನೂ ಒಂದೇ ತೂಕದಲ್ಲಿ ಹೇಳುವುದಿಲ್ಲ, ಕಲಿಯಬೇಕಾದದ್ದು ಇರುವ ಕಡೆ ಹೆಚ್ಚು ನಿಲ್ಲುತ್ತೇನೆ.

ಅಮೆರಿಕದಲ್ಲಿ 1995ರ ಲಾಬಿ ಬಹಿರಂಗ ಕಾಯ್ದೆ ಇದೆ. 2007ರ ತಿದ್ದುಪಡಿಯ ನಂತರ ಮೂರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕು. ಆ ವರದಿಯನ್ನು ಯಾರು ಬೇಕಾದರೂ, ಇಲ್ಲಿ ಗಾಂಧಿ ಬಜಾರಿನಲ್ಲಿ ಕುಳಿತೂ, ಅಂತರ್ಜಾಲದಲ್ಲಿ ತೆರೆಯಬಹುದು. ನಾನು ಮೊದಲ ಬಾರಿ ಒಂದನ್ನು ತೆರೆದಾಗ ಅದು ಎಷ್ಟು ಸಾದಾ ನಮೂನೆ ಎಂದು ಬೆರಗಾಗಿತ್ತು. ಲಾಬಿ ಸಂಸ್ಥೆಯ ಹೆಸರು, ಯಾರ ಪರವಾಗಿ, ಹತ್ತು ಸಾವಿರ ಡಾಲರಿಗೆ ಹೊಂದಿಸಿ ಬರೆದ ಮೊತ್ತ, ವಿಷಯ ರಕ್ಷಣೆಯಾದರೆ ಮೂರಕ್ಷರದ ಒಂದು ಸಂಕೇತ, ಅದರ ಕೆಳಗೆ ಯಾವ ಮಸೂದೆಯ ಯಾವ ಅಂಶ, ಮಾತಾಡಿದ್ದು ಸೆನೆಟ್ಟಿನೊಡನೆಯೋ ಪ್ರತಿನಿಧಿ ಸಭೆಯೊಡನೆಯೋ ರಕ್ಷಣಾ ಇಲಾಖೆಯಾದ ಪೆಂಟಗನ್ನಿನೊಡನೆಯೋ, ಕೊನೆಗೆ ಮಾತಾಡಿದ ಲಾಬಿಗಾರರ ಹೆಸರುಗಳು. ಅವರು ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಸರ್ಕಾರದ ಉನ್ನತ ಹುದ್ದೆಯಲ್ಲಿದ್ದರೆ ಅದನ್ನೂ ಹೇಳಬೇಕು. ಆದರೆ ಒಂದು ದೊಡ್ಡ ಖಾಲಿ ಜಾಗವಿದೆ. ಯಾವ ಸಂಸ್ಥೆಯೊಡನೆ ಮಾತಾಡಿದರು ಎಂದು ಬರೆಯುತ್ತಾರೆಯೇ ಹೊರತು ಯಾವ ವ್ಯಕ್ತಿಯೊಡನೆ, ಯಾವ ದಿನ ಎಂದು ಬರೆಯಬೇಕಾಗಿಲ್ಲ. ದುಡಿಮೆಯ ಶೇ 20ಕ್ಕಿಂತ ಕಡಿಮೆ ಸಮಯವನ್ನು ಒಬ್ಬ ಕಕ್ಷಿದಾರನ ಲಾಬಿಗೆ ಕೊಡುವವರು ಲಾಬಿಗಾರರೆಂದೇ ಅನಿಸಿಕೊಳ್ಳುವುದಿಲ್ಲ.

ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ರಕ್ಷಣೆಯದಲ್ಲದ ಒಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಅದು ನಮಗೇ ಸಂಬಂಧಿಸಿದ್ದು. 2012ರ ಡಿಸೆಂಬರಿನಲ್ಲಿ ವಾಲ್‌ಮಾರ್ಟ್ ಕಂಪನಿ ಭಾರತದ ಮಾರುಕಟ್ಟೆ ಪ್ರವೇಶವೂ ಸೇರಿದಂತೆ ಹಲವು ವಿಷಯಗಳಿಗಾಗಿ ಲಾಬಿಗೆ ಖರ್ಚು ಮಾಡಿದೆ ಎಂದು ನಮ್ಮ ಸಂಸತ್ತಿನಲ್ಲಿ ಕೋಲಾಹಲವೆದ್ದು, ಸರ್ಕಾರ ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಸಮಿತಿಯನ್ನು ನೇಮಿಸಿತು. ಆ ಮಾಹಿತಿ ಯಾವ ಗುಪ್ತಚರರಿಂದಲೂ ಬಂದದ್ದಲ್ಲ. ಕಂಪನಿಯೇ ಅಮೆರಿಕದ ಸೆನೆಟ್ಟಿಗೆ ಕಾನೂನಿನಂತೆ ಸಲ್ಲಿಸಿದ ಮೂರು ತಿಂಗಳ ವರದಿಯಲ್ಲಿದ್ದದ್ದು. ಒಂದು ದೇಶದ ದಾಖಲೆ ಪುಸ್ತಕ ಮತ್ತೊಂದು ದೇಶದ ಸಂಸತ್ತಿಗೆ ಹೀಗೆ ಸಾಕ್ಷಿಯಾಗುತ್ತದೆ.

ಅಮೆರಿಕದಲ್ಲಿ ಇನ್ನೂ ದೊಡ್ಡ ಚಿಂತೆಯೆಂದರೆ ಒಂದು ಬಾಗಿಲಿನಿಂದ ಹೊರಬಂದು ಇನ್ನೊಂದರಿಂದ ಒಳಹೋಗುವವರದು. ಅಲ್ಲಿಯ ವಾಯುಪಡೆಯ ಖರೀದಿಯ ಹಿರಿಯ ಅಧಿಕಾರಿಯಾಗಿದ್ದ ಡಾರ್ಲೀನ್ ಡ್ರುಯನ್, ಬೋಯಿಂಗ್ ಕಂಪನಿಯ ವ್ಯವಹಾರವನ್ನು ತಾವೇ ನೋಡುತ್ತಿರುವಾಗ ಅದೇ ಕಂಪನಿಯಲ್ಲಿ ಕೆಲಸದ ಮಾತುಕತೆ ನಡೆಸಿ, 2004ರಲ್ಲಿ ತಪ್ಪೊಪ್ಪಿಕೊಂಡು ಒಂಬತ್ತು ತಿಂಗಳ ಸೆರೆವಾಸಕ್ಕೆ ಗುರಿಯಾದರು. ಕಂಪನಿ 2006ರಲ್ಲಿ 61.5 ಕೋಟಿ ಡಾಲರ್ ತೆತ್ತು ಇತ್ಯರ್ಥ ಮಾಡಿಕೊಂಡಿತು. ಅದು ಅಪರಾಧವಾಗಿದ್ದರಿಂದ ಹೊರಬಂತು. ಅಪರಾಧವಲ್ಲದೆ, ನಿಯಮದ ಒಳಗೇ ನಡೆಯುವ ವಲಸೆ ಎಷ್ಟು ದೊಡ್ಡದು ಎಂಬುದಕ್ಕೆ ಅಲ್ಲಿಯ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ 2021ರ ವರದಿ ನೋಡಬೇಕು: 2019ರಲ್ಲಿ ಹದಿನಾಲ್ಕು ದೊಡ್ಡ ರಕ್ಷಣಾ ಕಂಪನಿಗಳಲ್ಲಿ ಪೆಂಟಗನ್ನಿನ 1,718 ಮಾಜಿ ಹಿರಿಯ ಅಧಿಕಾರಿಗಳು ಮತ್ತು ಖರೀದಿ ಅಧಿಕಾರಿಗಳು ದುಡಿಯುತ್ತಿದ್ದರು. ಈ ಸಂಖ್ಯೆಯನ್ನು ಎಣಿಸಲು ಅಲ್ಲಿ ಒಂದು ಕಚೇರಿಗೆ ಅಧಿಕಾರವಿದೆ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ನಮ್ಮಲ್ಲಿ ಐಎಎಸ್ ಮೊದಲಾದ ಸೇವೆಗಳ ಅಧಿಕಾರಿಗಳು ನಿವೃತ್ತಿಯ ನಂತರ ಅನುಮತಿಯಿಲ್ಲದೆ ಖಾಸಗಿ ಕೆಲಸಕ್ಕೆ ಸೇರಬಾರದೆಂಬ ಅವಧಿ ಹಿಂದೆ ಎರಡು ವರ್ಷವಿದ್ದದ್ದು ಈಗ ಒಂದೇ ವರ್ಷ.

ಬ್ರಿಟನ್ನಿನ ಕಾನೂನು ನನಗೆ ನಿರಾಶೆ ತಂದಿತು. 2014ರ ಕಾಯ್ದೆಯಡಿ ನೋಂದಾಯಿಸಬೇಕಾದವರು ಇತರರ ಪರವಾಗಿ ಹಣ ಪಡೆದು ಮಾತಾಡುವ ಸಲಹಾ ಸಂಸ್ಥೆಗಳು ಮಾತ್ರ. ಶಸ್ತ್ರಾಸ್ತ್ರ ಕಂಪನಿಯ ಸ್ವಂತ ನೌಕರನು ಸಚಿವರನ್ನು ಕಂಡರೆ ಅವನು ಆ ಪುಸ್ತಕಕ್ಕೆ ಬರುವುದೇ ಇಲ್ಲ. ದೊಡ್ಡ ಕಂಪನಿಗಳಿಗೆ ತಮ್ಮದೇ ನೌಕರರ ಪಡೆ ಇರುವಾಗ ಇದು ಹೆಬ್ಬಾಗಿಲು ತೆರೆದಿಟ್ಟು ಕಿಟಕಿಗೆ ಬೀಗ ಹಾಕಿದಂತಾಯಿತು. ಸೌದಿ ಅರೇಬಿಯಾಕ್ಕೆ ಶಸ್ತ್ರಾಸ್ತ್ರ ಮಾರುವ ಅಲ್-ಯಮಾಮಾ ಒಪ್ಪಂದದ ಬಗ್ಗೆ ಬ್ರಿಟನ್ನಿನ ಶಸ್ತ್ರಾಸ್ತ್ರ ಕಂಪನಿಯಾದ ಬಿಎಇ ಮೇಲೆ ನಡೆಯುತ್ತಿದ್ದ ತನಿಖೆಯನ್ನು 2006ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭದ್ರತೆಯ ಕಾರಣ ನೀಡಿ ನಿಲ್ಲಿಸಿದ ದೇಶವೂ ಅದೇ. 2010ರಲ್ಲಿ ಆ ಕಂಪನಿ 40 ಕೋಟಿ ಡಾಲರ್ ದಂಡ ಕಟ್ಟಿದ್ದು ಅಮೆರಿಕದಲ್ಲಿ. ನಿಮ್ಮ ಭಾವನವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಆದರೆ ಭದ್ರತೆಯ ಹೆಸರು ತನಿಖೆಗೂ ಅಡ್ಡ ಬರಬಹುದೆಂಬುದನ್ನು ಅವರಿಗೆ ಈ ಒಂದು ಪ್ರಕರಣದಿಂದ ತೋರಿಸಬಹುದು.

ಕೆನಡಾದಲ್ಲಿ ಸಚಿವರು ಮತ್ತು ಹಿರಿಯ ಅಧಿಕಾರಿಗಳೊಡನೆ ಮೊದಲೇ ಗೊತ್ತುಮಾಡಿಕೊಂಡು ನಡೆಸಿದ ಮಾತುಕತೆಯನ್ನು ದಿನಾಂಕ ಮತ್ತು ಅಧಿಕಾರಿಯ ಹೆಸರಿನೊಡನೆ ಮುಂದಿನ ತಿಂಗಳ 15ರೊಳಗೆ ವರದಿ ಮಾಡಬೇಕು. ಅಂಥ ಹುದ್ದೆ ಬಿಟ್ಟವರು ಐದು ವರ್ಷ ಲಾಬಿ ಮಾಡುವಂತಿಲ್ಲ. ಜರ್ಮನಿ 2022ರ ಜನವರಿಯಿಂದ ಕಡ್ಡಾಯ ನೋಂದಣಿಯನ್ನು ಜಾರಿಗೆ ತಂದಿದೆ, ತಪ್ಪಿದರೆ 50,000 ಯೂರೋವರೆಗೆ ದಂಡವಿದೆ. ಐರೋಪ್ಯ ಒಕ್ಕೂಟದಲ್ಲಿ 2011ರಿಂದ ಪಾರದರ್ಶಕತೆಯ ನೋಂದಣಿ ಪುಸ್ತಕವಿದೆ.

ಆದರೆ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಇವಾವುವೂ ಅಲ್ಲ, ಚಿಲಿ ದೇಶದ 2014ರ ಕಾನೂನು. ಮಿಕ್ಕ ಕಡೆ ಬಂದವನು ಬರೆಯಬೇಕು, ಅಲ್ಲಿ ಬರಮಾಡಿಕೊಂಡವನು ಬರೆಯಬೇಕು. ಸಚಿವರು, ಸಂಸದರು ಮಾತ್ರವಲ್ಲದೆ ಸೇನಾಪಡೆಗಳ ಮುಖ್ಯಸ್ಥರು ಮತ್ತು ಸೇನೆಯ ಖರೀದಿಯ ಹೊಣೆ ಹೊತ್ತವರೂ ತಾವು ಯಾರನ್ನು ಭೇಟಿಯಾದೆವು, ಯಾವ ವಿಷಯಕ್ಕೆ, ಯಾರ ಖರ್ಚಿನಲ್ಲಿ ಪ್ರಯಾಣ ಮಾಡಿದೆವು, ಯಾವ ಉಡುಗೊರೆ ಪಡೆದೆವು ಎಂದು ಪ್ರಕಟಿಸಬೇಕು. ಖರೀದಿಯ ಹೊಣೆ ಹೊತ್ತವರು ಯಾರು ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಹೆಸರು ಸಹಿತ ಗೊತ್ತುಪಡಿಸಬೇಕು. ದೇಶದ ಭದ್ರತೆಗೆ ಧಕ್ಕೆಯಾಗುವ ಭೇಟಿಯಾದರೆ ಬಹಿರಂಗ ಪ್ರಕಟಣೆಯಿಂದ ಅದಕ್ಕೆ ವಿನಾಯಿತಿ ಉಂಟು. ನಿಮ್ಮ ಗೇಟಿನ ಉದಾಹರಣೆಗೆ ಇದು ಎಷ್ಟು ಹತ್ತಿರ ಎಂದು ನೋಡಿ. ನಿಮ್ಮ ಪಾಸಿನ ಮೇಲೆ ಸಹಿ ಹಾಕಬೇಕಾದವರು ಒಳಗಿನ ಅಧಿಕಾರಿಯೇ ಅಲ್ಲವೇ?

ಉತ್ತರ: ದೇವನಹಳ್ಳಿಯ ಸಣ್ಣ ಉದ್ಯಮಿ

ಇಲ್ಲಿಯವರೆಗಿನ ಬರಹಗಳನ್ನು ಗೌರವದಿಂದ ಓದಿದೆ. ಆದರೂ ನನ್ನಂಥವರ ಕಡೆಯಿಂದ ಒಂದು ಮಾತನ್ನು ಹೇಳಲೇಬೇಕಾಗಿದೆ. ನಮ್ಮದು ನಲವತ್ತು ಜನ ದುಡಿಯುವ ಘಟಕ, ವಿಮಾನಕ್ಕೆ ಬೇಕಾಗುವ ತಂತಿಜೋಡಣೆಗಳನ್ನು ಮಾಡುತ್ತೇವೆ. ನಾಲ್ಕು ವರ್ಷಗಳ ಹಿಂದೆ ಟೆಂಡರೊಂದರಲ್ಲಿ ಹಿಂದಿನ ಮೂರು ವರ್ಷಗಳ ವಹಿವಾಟು ಇಷ್ಟಿರಬೇಕೆಂಬ ಷರತ್ತಿತ್ತು. ಆ ಕೆಲಸಕ್ಕೆ ಅಷ್ಟು ದೊಡ್ಡ ವಹಿವಾಟಿನ ಅಗತ್ಯವೇ ಇರಲಿಲ್ಲ. ಅದನ್ನು ತಿಳಿಸಲು ಅಧಿಕಾರಿಯೊಬ್ಬರ ಭೇಟಿಗಾಗಿ ಹನ್ನೊಂದು ವಾರ ಅಲೆದೆ. ಹೊರಗಿನ ಬೆಂಚಿನಲ್ಲಿ ಕುಳಿತಿರುವಾಗ ದೊಡ್ಡ ಕಂಪನಿಯ ಪ್ರತಿನಿಧಿ ಬಂದು ನೇರವಾಗಿ ಒಳಗೆ ಹೋಗಿ ಮುಕ್ಕಾಲು ಗಂಟೆ ಮಾತಾಡಿ ಹೊರಟದ್ದನ್ನು ಎರಡು ಸಲ ಕಂಡಿದ್ದೇನೆ. ಕೊನೆಗೆ ನನಗೆ ಸಿಕ್ಕಿದ್ದು ಏಳು ನಿಮಿಷ. ಷರತ್ತು ಬದಲಾಗಲಿಲ್ಲ.

ನನ್ನ ಭಯವೆಂದರೆ, ಪ್ರತಿ ಭೇಟಿಯನ್ನೂ ಪ್ರಕಟಿಸಬೇಕೆಂಬ ನಿಯಮ ಬಂದರೆ ಅಧಿಕಾರಿಗಳು ಸಣ್ಣವರನ್ನು ಭೇಟಿಯಾಗುವುದನ್ನೇ ನಿಲ್ಲಿಸಿಬಿಡುತ್ತಾರೆ, ದೊಡ್ಡವರು ಗಾಲ್ಫ್ ಮೈದಾನದಲ್ಲಿಯೋ ಮದುವೆಮನೆಯಲ್ಲಿಯೋ ಭೇಟಿಯಾಗಿಯೇ ಆಗುತ್ತಾರೆ. ಇನ್ನೊಂದು, ನಾವು ಯಾವ ಹೊಸ ಉತ್ಪನ್ನದ ಬಗ್ಗೆ ಮಾತಾಡಲು ಹೋದೆವು ಎಂಬುದು ಪ್ರಕಟವಾದರೆ ನಮ್ಮ ಪ್ರತಿಸ್ಪರ್ಧಿಗೆ ಮರುದಿನವೇ ತಿಳಿಯುತ್ತದೆ. ಇದಕ್ಕೆ ಪರಿಹಾರವೇನು ಎಂದು ಬಲ್ಲವರು ಹೇಳಬೇಕು.

ಉತ್ತರ: ಬಸವನಗುಡಿಯ ವಕೀಲೆ

ನಿಮ್ಮ ಹನ್ನೊಂದು ವಾರದ ಅನುಭವವೇ ಇಂಥ ಪುಸ್ತಕ ಬೇಕೆನ್ನುವುದಕ್ಕೆ ಬಲವಾದ ಸಾಕ್ಷಿ ಎಂದು ನನಗೆ ತೋರುತ್ತದೆ. ದೊಡ್ಡ ಕಂಪನಿಗೆ ಮುಕ್ಕಾಲು ಗಂಟೆ, ನಿಮಗೆ ಏಳು ನಿಮಿಷ ಎಂಬುದು ನಿಮ್ಮ ನೆನಪಿನಲ್ಲಿ ಮಾತ್ರ ಇದೆ. ಅದು ಪ್ರಕಟಿತ ದಾಖಲೆಯಲ್ಲಿದ್ದರೆ ನೀವು ಅದನ್ನು ಲೆಕ್ಕಪರಿಶೋಧಕರ ಮುಂದೆ, ಸಂಸತ್ತಿನ ಸ್ಥಾಯಿ ಸಮಿತಿಯ ಮುಂದೆ, ಬೇಕಾದರೆ ನ್ಯಾಯಾಲಯದ ಮುಂದೆ ಇಡಬಹುದಿತ್ತು. ಮದುವೆಮನೆಯ ಭೇಟಿಯನ್ನು ಯಾವ ಕಾನೂನೂ ಪೂರ್ತಿಯಾಗಿ ತಡೆಯಲಾರದು, ಅದು ನಿಜ. ಆದರೆ ಬರೆಯಬೇಕೆಂಬ ನಿಯಮ ಇರುವ ಕಡೆ, ಬರೆಯದೆ ನಡೆಸಿದ ಭೇಟಿ ಬೆಳಕಿಗೆ ಬಂದರೆ ಅದೇ ಒಂದು ತಪ್ಪಾಗುತ್ತದೆ. ಈಗ ನಮ್ಮಲ್ಲಿ ಅಂಥ ಭೇಟಿ ಬೆಳಕಿಗೆ ಬಂದರೂ ಹಣ ಕೈಬದಲಾಯಿಸಿದ್ದನ್ನು ಸಾಬೀತುಪಡಿಸದ ಹೊರತು ಯಾರ ಮೇಲೂ ಹೊಣೆ ಬೀಳುವುದಿಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯನ್ನು 2018ರಲ್ಲಿ ತಿದ್ದಿ, ಲಂಚ ಕೊಡುವ ವಾಣಿಜ್ಯ ಸಂಸ್ಥೆಯನ್ನೂ ಹೊಣೆಗಾರನನ್ನಾಗಿ ಮಾಡಿದ್ದು ಒಳ್ಳೆಯದೇ, ಆದರೆ ಅದೂ ಲಂಚದ ತುದಿಯ ಕಾನೂನು.

ನಿಮ್ಮ ಉತ್ಪನ್ನದ ಗುಟ್ಟಿನ ಬಗ್ಗೆ: ಪುಸ್ತಕದಲ್ಲಿ ಇರಬೇಕಾದದ್ದು ಯಾರು, ಯಾರನ್ನು, ಯಾವಾಗ, ಯಾವ ಖರೀದಿಯ ಬಗ್ಗೆ ಎಂಬ ನಾಲ್ಕು ಸಂಗತಿಗಳು ಮಾತ್ರ. ರೇಡಾರಿನ ಆವರ್ತನವೂ ನಿಮ್ಮ ತಂತಿಜೋಡಣೆಯ ನಕ್ಷೆಯೂ ಅಲ್ಲಿಗೆ ಬರುವುದಿಲ್ಲ. ಅಷ್ಟನ್ನೂ ಕೂಡಲೇ ಪ್ರಕಟಿಸಬಾರದೆನ್ನುವ ಪ್ರಕರಣಗಳಿದ್ದರೆ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಪ್ರಕಟಿಸಲಿ. ಬರೆಯುವುದನ್ನು ಮಾತ್ರ ಮುಂದಕ್ಕೆ ಹಾಕಬಾರದು, ಏಕೆಂದರೆ ನಂತರ ನೆನಪಿನಿಂದ ಬರೆದ ಪುಸ್ತಕಕ್ಕೆ ಬೆಲೆಯಿಲ್ಲ.

ರಾಜಕೀಯ ದೇಣಿಗೆಯ ಮಾತನ್ನು ಯಾರೂ ಎತ್ತಲಿಲ್ಲವಾದ್ದರಿಂದ ಒಂದು ವಾಕ್ಯ ಸೇರಿಸುತ್ತೇನೆ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟು ಚುನಾವಣಾ ಬಾಂಡ್ ಯೋಜನೆಯನ್ನು ರದ್ದುಪಡಿಸಿ, ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತು ಎಂಬುದನ್ನು ತಿಳಿಯುವ ಹಕ್ಕು ಮತದಾರನಿಗಿದೆ ಎಂದು ಹೇಳಿದ ಮೇಲೆ, ಯಾವ ಕಂಪನಿ ಯಾವ ಸಚಿವರನ್ನು ಕಂಡಿತು ಎಂಬುದನ್ನು ತಿಳಿಯುವ ಹಕ್ಕಿಗೂ ಅದೇ ತರ್ಕ ಅನ್ವಯವಾಗಬೇಕೆಂಬುದು ನನ್ನ ನಂಬಿಕೆ.

ಪ್ರತಿಕ್ರಿಯೆ: ಪೀಣ್ಯದ ಪರಿಶೀಲಕ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ವಕೀಲರ ಬರಹದಲ್ಲಿದ್ದ ಚಿಲಿಯ ವಿಷಯವನ್ನು ಭಾವನವರಿಗೆ ಓದಿ ಹೇಳಿದೆ. ಖರೀದಿಯ ಅಧಿಕಾರಿಗಳ ಹೆಸರು ಪ್ರಕಟವಾದರೆ ಶತ್ರುದೇಶದವರು ಅವರ ಬೆನ್ನು ಹತ್ತುವುದಿಲ್ಲವೇ ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿರಲಿಲ್ಲ. ಮಾರಾಟಗಾರರಿಗೆ ಆ ಹೆಸರುಗಳು ಈಗಾಗಲೇ ಗೊತ್ತಿವೆಯಲ್ಲ ಎಂದಷ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಕಾಲದಲ್ಲಿ ಚಳಿಗಾಲದ ಬೂಟುಗಳು ಎರಡು ತಿಂಗಳಿಗೇ ಬಾಯ್ಬಿಟ್ಟದ್ದನ್ನೂ, ಅವನ್ನು ಆರಿಸಿದವರು ಯಾರೆಂದು ಜವಾನರು ಯಾರಿಗೂ ಕೇಳಲಾಗದೆ ಹಗ್ಗ ಸುತ್ತಿಕೊಂಡು ನಡೆದದ್ದನ್ನೂ ಹೇಳಿದರು. ಅವರು ನನ್ನ ಮಾತನ್ನು ಒಪ್ಪಿದರೆಂದು ಹೇಳಲಾರೆ. ಆದರೆ ಆ ಬೂಟಿನ ವಿಷಯವನ್ನು ಅವರು ನಮಗೆ ಈ ಮೊದಲು ಎಂದೂ ಹೇಳಿರಲಿಲ್ಲ.

ನಾನು ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಹಾಕಬೇಕೆಂದಿದ್ದೇನೆ. ರಕ್ಷಣಾ ಸಚಿವಾಲಯದ ಖರೀದಿ ವಿಭಾಗದವರು ಕಳೆದ ವರ್ಷ ಕಂಪನಿಗಳ ಪ್ರತಿನಿಧಿಗಳೊಡನೆ ನಡೆಸಿದ ಎಲ್ಲ ಭೇಟಿಗಳ ವಿವರ ಕೊಡಿ ಎಂದು ಕೇಳಿದರೆ ಸಾಕೇ? ಡಿಆರ್‌ಡಿಒಗೂ ಹಾಕಬಹುದೇ?

ಉತ್ತರ: ನಿವೃತ್ತ ಲೆಕ್ಕಾಧಿಕಾರಿ, ಜಾಲಹಳ್ಳಿ

ಹಾಗೆ ಕೇಳಿದರೆ ‘ಇಂಥ ಮಾಹಿತಿಯನ್ನು ಕ್ರೋಡೀಕರಿಸಿ ಇಟ್ಟಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಕಾಯ್ದೆಯಡಿ ನಿಮಗೆ ಸಿಗುವುದು ಇರುವ ದಾಖಲೆಯೇ ಹೊರತು ನಿಮಗಾಗಿ ಹೊಸದಾಗಿ ಸಿದ್ಧಪಡಿಸಿದ ಪಟ್ಟಿಯಲ್ಲ. ಡಿಆರ್‌ಡಿಒ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದರೆ ಕಾಯ್ದೆಯಿಂದ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿದೆ, ಆದ್ದರಿಂದ ಭ್ರಷ್ಟಾಚಾರ ಅಥವಾ ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಯ ಹೊರತು ಅಲ್ಲಿಂದ ಏನೂ ಬಾರದು. ಸಚಿವಾಲಯಕ್ಕೂ ಬೆಂಗಳೂರಿನ ಸಾರ್ವಜನಿಕ ವಲಯದ ಉದ್ಯಮಗ‌ಳಾದ ಎಚ್‌ಎಎಲ್, ಬಿಇಎಲ್‌ಗಳಿಗೂ ಆ ರಿಯಾಯಿತಿ ಇಲ್ಲ. ಅವರು ಸೆಕ್ಷನ್ 8(1)(ಎ) ಅಡಿ ಭದ್ರತೆಯನ್ನೋ 8(1)(ಡಿ) ಅಡಿ ವಾಣಿಜ್ಯ ಗೋಪ್ಯತೆಯನ್ನೋ ಮುಂದೊಡ್ಡಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ವೈಯಕ್ತಿಕ ಮಾಹಿತಿಯ ಕುರಿತ 8(1)(ಜೆ)ಯನ್ನು ತಿದ್ದಿರುವುದರಿಂದ ವ್ಯಕ್ತಿಗಳ ಹೆಸರು ಕೇಳಿದರೆ ನಿರಾಕರಿಸುವುದು ಇನ್ನೂ ಸುಲಭವಾಗಿದೆ. ಆದ್ದರಿಂದ ಮೊದಲ ಅರ್ಜಿಯಲ್ಲಿ ಹೆಸರನ್ನು ಕೇಳಬೇಡಿ.

ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ಒಂದು, ಮಾರಾಟಗಾರರ ಪ್ರತಿನಿಧಿಗಳನ್ನು ಅಧಿಕಾರಿಗಳು ಭೇಟಿಯಾಗುವುದರ ಬಗ್ಗೆ ಜಾರಿಯಲ್ಲಿರುವ ಆದೇಶ, ಸುತ್ತೋಲೆಗಳ ಪ್ರತಿ. ಎರಡು, ಅಂಥ ಭೇಟಿಗಳನ್ನು ದಾಖಲಿಸಲು ರಿಜಿಸ್ಟರು ಇದ್ದರೆ ಅದರ ಖಾಲಿ ನಮೂನೆಯ ಪ್ರತಿ. ಮೂರು, ಕಳೆದ ಹಣಕಾಸು ವರ್ಷದಲ್ಲಿ ಮಾರಾಟಗಾರರು ತಾವು ಏಜೆಂಟರನ್ನು ನೇಮಿಸಿದ್ದೇವೆಂದು ಸಲ್ಲಿಸಿದ ಘೋಷಣೆಗಳ ಒಟ್ಟು ಸಂಖ್ಯೆ, ಹೆಸರುಗಳಿಲ್ಲದೆ. ಖಾಲಿ ನಮೂನೆಯಲ್ಲಿ ಭದ್ರತೆಯ ಗುಟ್ಟು ಯಾವುದೂ ಇರಲಾರದು. ನಮೂನೆಯೇ ಇಲ್ಲವೆಂಬ ಉತ್ತರ ಬಂದರೆ ಆ ಉತ್ತರವನ್ನು ಜೋಪಾನವಾಗಿಡಿ, ನಮ್ಮ ಸಂಸದರಿಗೆ ಪ್ರಶ್ನೆ ಕೇಳಿರೆಂದು ಬರೆಯುವಾಗ ಅದನ್ನೇ ಜೊತೆಗೆ ಲಗತ್ತಿಸಬಹುದು.

ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಪ್ರತಿಗೆ ಪುಟಕ್ಕೆ ಎರಡು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕೇಂದ್ರ ಸರ್ಕಾರದ ಅಂತರ್ಜಾಲ ತಾಣದಲ್ಲಿಯೂ ಸಲ್ಲಿಸಬಹುದು. ಕಳುಹಿಸುವ ಮೊದಲು ಕರಡನ್ನು ಇಲ್ಲಿ ಹಾಕಿ, ನಾನೂ ವಕೀಲರೂ ಒಮ್ಮೆ ಕಣ್ಣಾಡಿಸುತ್ತೇವೆ. ಉತ್ತರ ಬಂದ ದಿನ, ಅದು ಏನೇ ಇರಲಿ, ಪೂರ್ತಿಯಾಗಿ ಇಲ್ಲಿಯೇ ಪ್ರಕಟಿಸಿರಿ.